ಮೂರಡಿ ಜಾಗದ ಲೆಕ್ಕ: ಸಣ್ಣ ಸೈಟಿನಲ್ಲಿ ಮನೆ ಕಟ್ಟುವವರಿಗೆ ನಿಯಮ ಏನು ಹೇಳುತ್ತದೆ?

ಗುದ್ದಲಿ ಪೂಜೆಯಾದ ಮಾರನೆಯ ದಿನ ನಮ್ಮ ಸೈಟಿನಲ್ಲಿ ಮಾರ್ಕಿಂಗ್ ಇತ್ತು. ಬೆಂಗಳೂರಿನ ಹೊರವಲಯದ 20×30 ಸೈಟು ಅದು. ಮೇಸ್ತ್ರಿ ಮೂಲೆಗಳಿಗೆ ಗೂಟ ಹೊಡೆದು, ದಾರ ಎಳೆದು ಕಟ್ಟಿ, ಅದರ ಗುಂಟ ಸುಣ್ಣದ ಪುಡಿ ಉದುರಿಸುತ್ತಿದ್ದರು. ದಾರ ಸೈಟಿನ ಗಡಿಯಿಂದ ಮೂರಡಿ ಒಳಗೆ ಬಂದಾಗ ಕೈ ನಿಲ್ಲಿಸಿದರು.

"ಸಾರ್, ಎಲ್ಲಾ ಕಡೆ ಮೂರಡಿ ಬಿಟ್ರೆ ಮನೆ ಎಲ್ಲಿ ಬರುತ್ತೆ? ಈ ಬೀದೀಲಿ ಯಾರು ಬಿಟ್ಟಿದ್ದಾರೆ ಹೇಳಿ."

"ಪ್ಲಾನ್‌ನಲ್ಲಿ ಹಾಗೇ ಇದೆಯಲ್ಲ ಮೇಸ್ತ್ರಿ."

"ಪ್ಲಾನ್ ಆಫೀಸಿಗೆ ಸಾರ್. ಕಟ್ಟೋದು ಬೇರೆ."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಎಡಗಡೆ ಮನೆಯ ಗೋಡೆ ಸೈಟಿನ ಗೆರೆಯ ಮೇಲೇ ಎದ್ದಿತ್ತು. ಬಲಗಡೆ ಮನೆಯ ಸಜ್ಜ ಒಂದು ಗೇಣಿನಷ್ಟು ನಮ್ಮ ಕಡೆಗೇ ಚಾಚಿತ್ತು. ಎದುರು ಮನೆಯ ಮೆಟ್ಟಿಲು ಮೋರಿ ದಾಟಿ ರಸ್ತೆಗೆ ಇಳಿದಿತ್ತು. ಇಡೀ ಬೀದಿಯಲ್ಲಿ ನಿಯಮದ ಪ್ರಕಾರ ಜಾಗ ಬಿಟ್ಟ ಮನೆ ಒಂದೂ ಇರಲಿಲ್ಲ. ಹೀಗಿರುವಾಗ ನಾನೊಬ್ಬನೇ ಯಾಕೆ ಬಿಡಬೇಕು? ಆ ದಿನ ನನ್ನ ಮನಸ್ಸಿಗೆ ಬಂದ ಈ ಪ್ರಶ್ನೆ ಸಣ್ಣ ಸೈಟು ಕೊಂಡ ಪ್ರತಿಯೊಬ್ಬರಿಗೂ ಬಂದೇ ಬರುತ್ತದೆ. ಅದಕ್ಕೆ ಉತ್ತರ ಹುಡುಕುತ್ತಾ ಕಾನೂನು, ಅಳತೆ, ದುಡ್ಡು ಮೂರನ್ನೂ ಕೂತು ಲೆಕ್ಕ ಹಾಕಿದೆ. ಆಗ ಗೊತ್ತಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅಳತೆ ನೋಡೋಣ. ಮನೆಯ ಸುತ್ತ ಬಿಡಬೇಕಾದ ಖಾಲಿ ಜಾಗಕ್ಕೆ ಸೆಟ್‌ಬ್ಯಾಕ್ ಅನ್ನುತ್ತಾರೆ. ಎಷ್ಟು ಬಿಡಬೇಕು ಅನ್ನುವುದು ಸೈಟಿನ ಉದ್ದ ಅಗಲ, ಕಟ್ಟಡದ ಎತ್ತರ, ಊರಿನ ಬೈಲಾ ನೋಡಿಕೊಂಡು ಬದಲಾಗುತ್ತದೆ. ತೀರಾ ಸಣ್ಣ ಸೈಟಿಗೆ ಒಂದಿಷ್ಟು ರಿಯಾಯಿತಿಯೂ ಇರುತ್ತದೆ. ಲೆಕ್ಕ ಸುಲಭವಾಗಲಿ ಅಂತ ಇಲ್ಲಿ ನಾಲ್ಕೂ ಕಡೆ ಮೂರಡಿ ಅಂತಲೇ ಇಟ್ಟುಕೊಳ್ಳುತ್ತೇನೆ.

20×30 ಸೈಟು ಅಂದರೆ 600 ಚದರಡಿ. ಸುತ್ತ ಮೂರಡಿ ಬಿಟ್ಟರೆ ಉಳಿಯುವುದು 14×24, ಅಂದರೆ 336 ಚದರಡಿ. ದುಡ್ಡು ಕೊಟ್ಟು ಕೊಂಡ ಜಾಗದಲ್ಲಿ ಶೇ. 44ರಷ್ಟು ಖಾಲಿ ಬಿಡಬೇಕಾಯಿತು. ಅದೇ ಮೂರಡಿಯನ್ನು 30×40 ಸೈಟಿನಲ್ಲಿ ಬಿಟ್ಟರೆ ಹೋಗುವುದು ಶೇ. 32. 40×60ರಲ್ಲಿ ಶೇ. 24ಕ್ಕೂ ಕಡಿಮೆ. ದೊಡ್ಡ ಸೈಟಿಗೆ ನಿಯಮವೂ ಜಾಸ್ತಿ ಜಾಗ ಕೇಳುತ್ತದೆ, ನಿಜ. ಆದರೂ ಒಂದೊಂದು ಅಡಿಯ ಭಾರ ಸಣ್ಣ ಸೈಟಿನವನ ಹೆಗಲ ಮೇಲೇ ಹೆಚ್ಚು ಬೀಳುತ್ತದೆ. ಸಾಲ ಮಾಡಿ 600 ಚದರಡಿ ಕೊಂಡವನಿಗೆ 264 ಚದರಡಿ ಬಿಡು ಅಂದರೆ ಕರುಳು ಹಿಂಡಿದ ಹಾಗಾಗುತ್ತದೆ. ಇದನ್ನು ಒಪ್ಪಿಕೊಳ್ಳದೆ ನಿಯಮದ ಬಗ್ಗೆ ಬುದ್ಧಿ ಹೇಳಲು ಹೊರಟರೆ ಯಾರೂ ಕೇಳುವುದಿಲ್ಲ.

ಆದರೆ ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ. ಎಫ್‌ಎಆರ್ ಅಂತ ಇನ್ನೊಂದು ಅಳತೆ ಇದೆ. ಸೈಟಿನ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಮಿತಿ ಅದು. ಬೆಂಗಳೂರಿನ 2015ರ ಪರಿಷ್ಕೃತ ಮಾಸ್ಟರ್ ಪ್ಲಾನ್ ಪ್ರಕಾರ 360 ಚದರ ಮೀಟರ್ ಒಳಗಿನ ವಸತಿ ಸೈಟಿಗೆ ಈ ಪ್ರಮಾಣ 1.75. 600 ಚದರಡಿಯನ್ನು 1.75ರಿಂದ ಗುಣಿಸಿದರೆ 1,050. ನಮ್ಮ 336 ಚದರಡಿಯ ಮೂರು ಅಂತಸ್ತು ಸೇರಿದರೆ 1,008. ಅಂದರೆ ಸುತ್ತ ಮೂರಡಿ ಬಿಟ್ಟೂ ನೆಲಮಹಡಿ ಮತ್ತು ಮೇಲೆರಡು ಮಹಡಿ ಕಟ್ಟಿದರೆ ಎಫ್‌ಎಆರ್ ಮಿತಿಯೊಳಗೇ ಇರುತ್ತೇವೆ. ಸಾವಿರ ಚದರಡಿಯ ಮನೆ! ಗಂಡ, ಹೆಂಡತಿ, ಇಬ್ಬರು ಮಕ್ಕಳು, ಅಜ್ಜಿ ಎಲ್ಲರೂ ಇರಬಹುದಾದ ಮನೆ.

ಈ ಲೆಕ್ಕ ಮುಗಿಸಿದ ಮೇಲೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಸಣ್ಣ ಸೈಟಿನಲ್ಲಿ ಸ್ವಂತಕ್ಕೆ ಮನೆ ಕಟ್ಟಲು ನಿಯಮ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಅದೇ ಸೈಟಿನಲ್ಲಿ ಸ್ವಂತ ಮನೆಯ ಜೊತೆಗೆ ಎರಡೋ ಮೂರೋ ಬಾಡಿಗೆ ಮನೆ ಎಬ್ಬಿಸಲು ಹೊರಟಾಗ. ನಾವು ಬಿಡಲು ಒಪ್ಪದ ಆ ಮೂರಡಿಯ ಹಿಂದೆ ಬಹಳಷ್ಟು ಸಲ ಇರುವುದು ಬಾಡಿಗೆಯ ಆಸೆ. ಆಸೆ ತಪ್ಪು ಅನ್ನುತ್ತಿಲ್ಲ. ಪಿಂಚಣಿ ಇಲ್ಲದವರಿಗೆ ಮೇಲಿನ ಮನೆಯ ಬಾಡಿಗೆಯೇ ಮುಪ್ಪಿನ ಆಧಾರ. ಆದರೆ ಇದು ಬೇರೆ, ಮನೆಯ ಅಗತ್ಯ ಬೇರೆ ಅಂತ ಮೊದಲೇ ಬಿಡಿಸಿಕೊಂಡು ನೋಡಿದರೆ ತೀರ್ಮಾನ ಸುಲಭ.

30×40ರಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಅಲ್ಲಿ ಎಫ್‌ಎಆರ್ ಕೊಡುವುದು 2,100 ಚದರಡಿ. ಒಂದು ಅಂತಸ್ತು 24×34, ಅಂದರೆ 816. ಎರಡು ಅಂತಸ್ತಿಗೆ 1,632 ಮುಗಿಯಿತು. ಮೂರನೆಯದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮಾತ್ರ ಕಟ್ಟಬಹುದು, ಉಳಿದದ್ದು ಟೆರೇಸು. ಆದರೆ ನಮ್ಮ ಬಡಾವಣೆಗಳಲ್ಲಿ 30×40 ಸೈಟಿನ ಮೇಲೆ ಗೆರೆಯಿಂದ ಗೆರೆಗೆ ನಾಲ್ಕು ಅಂತಸ್ತು ನಿಂತಿರುವುದನ್ನು ಎಲ್ಲರೂ ನೋಡಿದ್ದೇವೆ ಅಲ್ವಾ? ಅದರ ಒಳಗೆ ಹಗಲಲ್ಲೂ ಟ್ಯೂಬ್‌ಲೈಟ್ ಉರಿಯುತ್ತಿರುತ್ತದೆ.

ಈಗ 14×24ರ ಒಳಗೆ ಹೋಗೋಣ. ಇಲ್ಲಿ ಇಂಚು ಇಂಚೂ ಮುಖ್ಯ. ರಾಷ್ಟ್ರೀಯ ಕಟ್ಟಡ ಸಂಹಿತೆ ಎರಡು ಕೋಣೆಯ ಮನೆಗೆ ಕನಿಷ್ಠ ಅಳತೆ ಹೇಳುತ್ತದೆ: ಒಂದು ಕೋಣೆ 9.5 ಚದರ ಮೀಟರ್, ಇನ್ನೊಂದು 7.5, ಅಡುಗೆಮನೆ 5, ಬಚ್ಚಲು ಶೌಚಾಲಯ ಸೇರಿ 2.8. ಚದರಡಿಗೆ ತಂದರೆ ಒಟ್ಟು ಸುಮಾರು 267. ಹೊರಗೋಡೆ ಒಂಬತ್ತಿಂಚು ಇಟ್ಟಿಗೆಯದಾದರೆ ಒಳಗೆ ಸಿಗುವುದು 12.5×22.5 ಅಡಿ, ಅಂದರೆ 281 ಚದರಡಿ. ಒಳಗೋಡೆಗೆ ಒಂದಿಷ್ಟು ಹೋಯಿತು. ಮೆಟ್ಟಿಲಿಗೆ ಏನಿಲ್ಲವೆಂದರೂ 60 ಚದರಡಿ ಬೇಕು. ಹಾಗಾಗಿ ಎಲ್ಲವನ್ನೂ ಒಂದೇ ಅಂತಸ್ತಿನಲ್ಲಿ ತುರುಕಲು ಆಗುವುದಿಲ್ಲ. ಕೆಳಗೆ ಹಾಲು, ಅಡುಗೆಮನೆ, ಒಂದು ಬಚ್ಚಲು. ಮಲಗುವ ಕೋಣೆಗಳು ಮೇಲೆ. ಮನೆಯಲ್ಲಿ ಮೆಟ್ಟಿಲು ಹತ್ತಲಾಗದ ಹಿರಿಯರಿದ್ದರೆ ಕೆಳಗೊಂದು ಸಣ್ಣ ಕೋಣೆ ಮಾಡಿ, ಹಾಲನ್ನು ಮೊದಲ ಮಹಡಿಗೆ ಕಳಿಸಬೇಕಾಗುತ್ತದೆ.

ಒಂದು ಉಪಾಯ ನಮ್ಮ ಎಂಜಿನಿಯರ್ ಹೇಳಿಕೊಟ್ಟರು. ಪಿಲ್ಲರ್, ಬೀಮ್ ಹಾಕಿ ಕಟ್ಟುವ ಮನೆಗೆ ಗೋಡೆ ಭಾರ ಹೊರುವುದಿಲ್ಲ. ಹಾಗಾಗಿ ಹೊರಗೋಡೆಗೆ ಆರಿಂಚಿನ ಸಾಲಿಡ್ ಬ್ಲಾಕ್ ಸಾಕು. ಆಗ ಒಳಗೆ 13×23, ಅಂದರೆ 299 ಚದರಡಿ. ಒಂದು ಅಂತಸ್ತಿಗೆ ಸುಮಾರು 18 ಚದರಡಿ ಉಳಿಯಿತು. ಮೂರು ಅಂತಸ್ತಿಗೆ 53. ಹೆಚ್ಚೂಕಡಿಮೆ ಒಂದು ಅಡುಗೆಮನೆಯಷ್ಟು ಜಾಗ ಬರೀ ಗೋಡೆಯ ದಪ್ಪದಲ್ಲೇ ಸಿಕ್ಕಿತು! ಪಕ್ಕದವರ ಕಡೆಗೆ ಒಂದಿಂಚೂ ಚಾಚದೆ. ಪಶ್ಚಿಮದ ಗೋಡೆಗೆ ಸಂಜೆ ಬಿಸಿಲು ಸ್ವಲ್ಪ ಜಾಸ್ತಿ ತಟ್ಟುತ್ತದೆ, ಅದನ್ನು ಒಪ್ಪಿಕೊಂಡೆವು.

ಅಷ್ಟಕ್ಕೂ ಆ ಮೂರಡಿ ಯಾಕೆ? ಮನೆ ಕಟ್ಟುವಾಗ ಅದು ಖಾಲಿ ಜಾಗದ ಹಾಗೆ ಕಾಣುತ್ತದೆ. ವಾಸಕ್ಕೆ ಬಂದ ಮೇಲೆ ಅದೇ ಮನೆಯ ಅತಿ ಹೆಚ್ಚು ಕೆಲಸದ ಜಾಗ. ಸಂಪು ಅಲ್ಲಿ. ಒಳಚರಂಡಿ ಚೇಂಬರ್ ಅಲ್ಲಿ. ಮಳೆ ನೀರಿನ ಇಂಗುಗುಂಡಿ ಅಲ್ಲಿ. ಬೆಂಗಳೂರಿನಲ್ಲಿ 2009ರ ಜಲಮಂಡಳಿ ಕಾಯ್ದೆಯ ತಿದ್ದುಪಡಿಯ ನಂತರ 30×40 ಮತ್ತು ಮೇಲಿನ ಸೈಟಿನ ಹೊಸ ಮನೆಗೆ ಮಳೆ ನೀರು ಕೊಯ್ಲು ಕಡ್ಡಾಯ. ಪೈಪ್ ಒಡೆದರೆ ಪ್ಲಂಬರ್ ನಿಂತು ಕೆಲಸ ಮಾಡುವುದೂ ಅಲ್ಲೇ. ಗೆರೆಗೆ ಅಂಟಿಸಿ ಕಟ್ಟಿದ ಗೋಡೆಗೆ ಹೊರಗಡೆ ಪ್ಲಾಸ್ಟರಿಂಗ್ ಮಾಡಲು ಪಕ್ಕದ ಸೈಟು ಖಾಲಿ ಇರಬೇಕು. ಅವರೂ ಕಟ್ಟಿಬಿಟ್ಟರೆ ಎರಡು ಗೋಡೆ ನಡುವೆ ಮಳೆ ನೀರು ಇಳಿದು, ಒಳಗೆ ತೇವ ಒಸರಿ, ಬಣ್ಣ ಹಪ್ಪಳದ ಹಾಗೆ ಏಳುತ್ತದೆ. ಅದನ್ನು ಸರಿ ಮಾಡಲು ಹೊರಗಿನಿಂದ ಯಾರೂ ಒಳಹೋಗಲಾರರು.

ಇನ್ನು ಕಿಟಕಿ. ನಮ್ಮ ಕಡೆ ಮೂರಡಿ, ಪಕ್ಕದವರ ಕಡೆ ಮೂರಡಿ ಬಿಟ್ಟರೆ ನಡುವೆ ಆರಡಿಯ ಓಣಿ. ಗಾಳಿ ಓಡಾಡುತ್ತದೆ, ಮಧ್ಯಾಹ್ನ ಒಂದಿಷ್ಟು ಬೆಳಕು ಕೆಳಗಿನವರೆಗೂ ಇಳಿಯುತ್ತದೆ. ಒಬ್ಬರೇ ಬಿಟ್ಟರೆ ಮೂರಡಿ. ಯಾರೂ ಬಿಡದಿದ್ದರೆ ಕಿಟಕಿ ಇಡುವ ಮಾತೇ ಇಲ್ಲ. ಹಾಗಾಗಿ ಈ ನಿಯಮ ನನ್ನ ಸೈಟಿನ ಮೇಲೆ ಹಾಕಿದ ನಿರ್ಬಂಧ ಅಷ್ಟೇ ಅಲ್ಲ, ಪಕ್ಕದವರ ಸೈಟಿನಿಂದ ನನಗೆ ಕೊಡಿಸಿದ ಗಾಳಿ ಬೆಳಕೂ ಹೌದು. ಒಬ್ಬರು ಮುರಿದರೆ ನಷ್ಟ ಪಕ್ಕದವರಿಗೆ. ಆಗ ಅವರೂ ಮುರಿಯುತ್ತಾರೆ. ನಮ್ಮ ಬೀದಿ ಹಾಗೇ ಆಗಿತ್ತು.

ಪಕ್ಕದವರು ಮುರಿದರೆ ನಾವು ಸುಮ್ನೆ ನೋಡುತ್ತಾ ಇರಬೇಕೇ? ಇಲ್ಲ. ಇದಕ್ಕೆ ಕರ್ನಾಟಕದ್ದೇ ಒಂದು ಹಳೆಯ ಪ್ರಕರಣ ದಾರಿ ಮಾಡಿಕೊಟ್ಟಿದೆ. ಉಡುಪಿಯಲ್ಲಿ ವಸತಿಗೆಂದು ಗುರುತಿಸಿದ ಜಾಗದಲ್ಲಿ ಸಿನಿಮಾ ಮಂದಿರ ಕಟ್ಟಲು ಪುರಸಭೆ ಒಪ್ಪಿಗೆ ಕೊಟ್ಟಿತ್ತು. ಅಲ್ಲಿನ ನಿವಾಸಿ ಕೆ. ರಾಮದಾಸ ಶೆಣೈ ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನವರೆಗೆ ಹೋದರು. 1974ರಲ್ಲಿ ತೀರ್ಪು ಅವರ ಪರವಾಗಿ ಬಂತು. ನಗರ ಯೋಜನೆಗೆ ವಿರುದ್ಧವಾಗಿ ಒಪ್ಪಿಗೆ ಕೊಡುವ ಅಧಿಕಾರ ಪುರಸಭೆಗಿಲ್ಲ, ಯೋಜನೆ ಪಾಲಿಸುವಂತೆ ಕೇಳುವ ಹಕ್ಕು ಆ ಪ್ರದೇಶದ ನಿವಾಸಿಗಳಿಗಿದೆ ಅನ್ನುವುದು ಅದರ ಸಾರ. ಐವತ್ತು ವರ್ಷ ಕಳೆದರೂ ಅಕ್ರಮ ಕಟ್ಟಡದ ಮೊಕದ್ದಮೆಗಳಲ್ಲಿ ಈ ತೀರ್ಪಿನ ಮಾತು ಬರುತ್ತದೆ. ಆದರೆ ಕೋರ್ಟಿಗೆ ಹೋಗುವ ಮೊದಲು ಪಕ್ಕದವರ ಪಾಯ ಹಾಕುವ ದಿನವೇ ಹೋಗಿ ಮಾತಾಡುವುದು ಒಳ್ಳೆಯದು. ಸ್ಲ್ಯಾಬ್ ಬಿದ್ದ ಮೇಲೆ ಮಾತಿಗೆ ಬೆಲೆ ಕಡಿಮೆ, ಮನಸ್ತಾಪ ಜಾಸ್ತಿ.

ಇಷ್ಟು ವರ್ಷ ಜನ ಧೈರ್ಯವಾಗಿ ನಿಯಮ ಮುರಿಯಲು ಒಂದು ಕಾರಣವಿತ್ತು: ಮುಂದೆ ಹೇಗೂ ಸಕ್ರಮ ಮಾಡುತ್ತಾರೆ ಅನ್ನುವ ನಂಬಿಕೆ. ಅಕ್ರಮ ಸಕ್ರಮಕ್ಕಾಗಿ 2007ರಲ್ಲೇ ಕಾಯ್ದೆ ತಿದ್ದುಪಡಿಯಾಯಿತು, 2014ರಲ್ಲಿ ನಿಯಮ ಬಂತು. ವಸತಿ ಕಟ್ಟಡದಲ್ಲಿ ಸೆಟ್‌ಬ್ಯಾಕ್ ಉಲ್ಲಂಘನೆ ಶೇ. 50ರೊಳಗಿದ್ದರೆ ದಂಡ ಕಟ್ಟಿ ಸಕ್ರಮ ಮಾಡಿಕೊಳ್ಳಬಹುದು ಅಂತ ಅದರಲ್ಲಿತ್ತು. 2016ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು, ಒಂದೇ ತಿಂಗಳಲ್ಲಿ, 2017ರ ಜನವರಿಯಲ್ಲಿ, ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಅರ್ಜಿ ಹಾಕಿದವರು ಹಾಕಿದಲ್ಲೇ ಉಳಿದರು. ನಾಳೆ ಸಕ್ರಮವಾಗುತ್ತದೆ ಅಂತ ಲೆಕ್ಕ ಹಾಕಿ ಇವತ್ತು ಪಾಯ ಹಾಕಬಾರದು ಅನ್ನಲು ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ನಿಜವಾದ ಬಿಸಿ ತಟ್ಟಿದ್ದು 2024ರ ಡಿಸೆಂಬರ್ 17ರಂದು. ಮೀರತ್‌ನಲ್ಲಿ ವಸತಿ ಸೈಟಿನ ಮೇಲೆ ಎದ್ದ ಅಂಗಡಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ಅನ್ವಯಿಸುವ ಸೂಚನೆಗಳನ್ನು ಕೊಟ್ಟಿತು. ಮಂಜೂರಾದ ನಕ್ಷೆಯನ್ನು ಕಟ್ಟಡದ ಜಾಗದಲ್ಲಿ ಕಾಣುವಂತೆ ಹಾಕಬೇಕು. ಅಧಿಕಾರಿಗಳು ಆಗಾಗ ಬಂದು ತಪಾಸಣೆ ಮಾಡಬೇಕು. ಕಟ್ಟಡ ಮುಗಿದ ಪ್ರಮಾಣಪತ್ರ ಅಥವಾ ವಾಸಯೋಗ್ಯ ಪ್ರಮಾಣಪತ್ರ, ಅಂದರೆ ಎಲ್ಲರೂ ಹೇಳುವ ಓಸಿ, ತೋರಿಸಿದ ಮೇಲೆಯೇ ಕರೆಂಟು, ನೀರು, ಒಳಚರಂಡಿ ಸಂಪರ್ಕ. ಬ್ಯಾಂಕುಗಳೂ ಈ ಪ್ರಮಾಣಪತ್ರ ನೋಡಿಯೇ ಕಟ್ಟಡದ ಮೇಲೆ ಸಾಲ ಕೊಡಬೇಕು.

2025ರಲ್ಲಿ ನಮ್ಮ ರಾಜ್ಯದ ವಿದ್ಯುತ್ ಕಂಪನಿಗಳು ಇದನ್ನು ಪಾಲಿಸಲು ಶುರು ಮಾಡಿದಾಗ ಸಣ್ಣ ಮನೆ ಕಟ್ಟಿದವರ ಗೋಳು ಕೇಳುವ ಹಾಗಿರಲಿಲ್ಲ. ಅಲ್ಲಿಯವರೆಗೆ ಓಸಿ ಅನ್ನುವುದು ಅಪಾರ್ಟ್‌ಮೆಂಟಿನವರ ಮಾತು ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಮನೆ ಮುಗಿದಿದೆ, ಗೃಹಪ್ರವೇಶವೂ ಆಗಿದೆ, ಮೀಟರ್ ಮಾತ್ರ ಇಲ್ಲ. ಕಟ್ಟುವಾಗ ತೆಗೆದುಕೊಂಡ ತಾತ್ಕಾಲಿಕ ಸಂಪರ್ಕದಲ್ಲೇ ದುಬಾರಿ ದರ ಕೊಟ್ಟು ಫ್ಯಾನು, ಮಿಕ್ಸಿ ಓಡಿಸಿದರು. ಒಂದು ಕಡೆ ಬಾಡಿಗೆ ಮನೆ, ಇನ್ನೊಂದು ಕಡೆ ಸಾಲದ ಕಂತು. ನಮ್ಮ ಬೀದಿಯ ಕೊನೆಯ ಮನೆಯವರು ತಿಂಗಳುಗಟ್ಟಲೆ ಎರಡನ್ನೂ ಕಟ್ಟಿದರು.

ಈ ಕೂಗು ಜೋರಾದ ಮೇಲೆ 2025ರ ಕೊನೆಯ ಭಾಗದಲ್ಲಿ ಗ್ರೇಟರ್ ಬೆಂಗಳೂರು ವ್ಯಾಪ್ತಿಯಲ್ಲಿ 1,200 ಚದರಡಿವರೆಗಿನ ಸೈಟಿನ ವಸತಿ ಕಟ್ಟಡಕ್ಕೆ ಓಸಿಯಿಂದ ವಿನಾಯಿತಿ ಸಿಕ್ಕಿತು. ನೆಲಮಹಡಿ ಮತ್ತು ಮೇಲೆರಡು, ಅಥವಾ ಸ್ಟಿಲ್ಟ್ (ಕೆಳಗೆ ಬರೀ ಪಿಲ್ಲರ್ ನಿಲ್ಲಿಸಿ ಪಾರ್ಕಿಂಗ್‌ಗೆ ಬಿಟ್ಟ ಮಟ್ಟ) ಮತ್ತು ಮೇಲೆ ಮೂರು ಅಂತಸ್ತಿನವರೆಗೆ. ಇದು ಒಳ್ಳೆಯ ಕೆಲಸ. 600 ಚದರಡಿಯಲ್ಲಿ ಮನೆ ಕಟ್ಟಿದವನನ್ನೂ ಬಹುಮಹಡಿ ಬಿಲ್ಡರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಆದರೆ ಈ ವಿನಾಯಿತಿಯನ್ನು ತಪ್ಪು ಓದುವವರೇ ಜಾಸ್ತಿ. ಓಸಿ ಬೇಡ ಅಂದರೆ ಪ್ಲಾನ್ ಬೇಡ ಅಂತಲ್ಲ. ಸೆಟ್‌ಬ್ಯಾಕ್ ಬಿಡಬೇಕಿಲ್ಲ ಅಂತಲೂ ಅಲ್ಲ. ನಕ್ಷೆ ಮಂಜೂರಾತಿ ಒಂದು ಹಂತ, ಓಸಿ ಇನ್ನೊಂದು ಹಂತ. ಎರಡನೆಯದನ್ನು ತೆಗೆದರೂ ಮೊದಲನೆಯದು ಹಾಗೇ ಇದೆ. ಆಸೆಗೆ ಬಿದ್ದು ಮೇಲೊಂದು ಮಹಡಿ ಜಾಸ್ತಿ ಎಬ್ಬಿಸಿದರೆ ವಿನಾಯಿತಿಯಿಂದಲೇ ಹೊರಗೆ. ಮುಂದೆ ಆ ಮನೆ ಮಾರಲು ಹೋದಾಗ, ಮಕ್ಕಳು ಅದರ ಮೇಲೆ ಸಾಲ ಕೇಳಿದಾಗ, ಬ್ಯಾಂಕಿನ ವಕೀಲರು ನಕ್ಷೆ ಹಿಡಿದುಕೊಂಡೇ ಬರುತ್ತಾರೆ.

ಸಣ್ಣ ಪುಟ್ಟ ಹೆಚ್ಚುಕಡಿಮೆಗೆ ಬೆಂಗಳೂರಿನ 2003ರ ಕಟ್ಟಡ ಬೈಲಾ ಶೇ. 5ರ ಸಡಿಲ ಕೊಟ್ಟಿತ್ತು, ಅದೂ ದಂಡ ಕಟ್ಟಿಸಿಕೊಂಡು. ಮೂರಡಿಯಲ್ಲಿ ಶೇ. 5 ಅಂದರೆ ಎರಡಿಂಚಿಗೂ ಕಡಿಮೆ. ಮೇಸ್ತ್ರಿಯ ದಾರ ಒಂದಿಂಚು ಜಾರಿ, ಮೇಲೆ ಮುಕ್ಕಾಲಿಂಚು ಪ್ಲಾಸ್ಟರಿಂಗ್ ಬಂದರೆ ಅಷ್ಟೂ ಮುಗಿದೇಹೋಯಿತು. ಹಾಗಾಗಿ ಮಾರ್ಕಿಂಗ್ ದಿನ ಎಂಜಿನಿಯರ್ ಸೈಟಿನಲ್ಲಿ ನಿಂತಿರಲೇಬೇಕು. ಫೋನಿನಲ್ಲಿ ಹೇಳಿದರೆ ಆಗುವುದಿಲ್ಲ. ಅಳತೆ ಟೇಪ್ ಹಿಡಿದು ಗಡಿಯಿಂದ ಪಿಲ್ಲರಿನ ಹೊರಮುಖಕ್ಕೆ ಎಷ್ಟು ಅಂತ ನೋಡಬೇಕು, ಪಿಲ್ಲರಿನ ಮಧ್ಯಕ್ಕಲ್ಲ. ಈ ಒಂದು ತಪ್ಪಿನಿಂದಲೇ ಎಷ್ಟೋ ಮನೆ ನಾಲ್ಕೈದು ಇಂಚು ಹೊರಗೆ ಹೋಗಿವೆ. ಆ ದಿನದ ಫೋಟೊ, ಪಾಯದ ಫೋಟೊ, ಪ್ಲಿಂತ್ ಮಟ್ಟದ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ಗಡಿ ತಕರಾರು ಬಂದರೆ ಇವೇ ಮಾತಾಡುತ್ತವೆ.

ಇಷ್ಟೂ ಹೊತ್ತು ಹೇಳಿದ್ದು ಸೈಟು ಸರಿಯಾಗಿದ್ದರೆ. ಸೈಟೇ ಸರಿಯಿಲ್ಲದಿದ್ದರೆ ಮೂರಡಿ ಬಿಟ್ಟರೂ ಆರಡಿ ಬಿಟ್ಟರೂ ಪ್ಲಾನ್ ಸಿಗುವುದಿಲ್ಲ. ನಮ್ಮವರು ಸೈಟು ನೋಡುವಾಗ ಪೂರ್ವಕ್ಕೆ ಬಾಗಿಲು ಬರುತ್ತಾ, ಈಶಾನ್ಯ ಬೆಳೆದಿದೆಯಾ ಅಂತ ಕೇಳುತ್ತಾರೆ. ಅದರ ಜೊತೆಗೆ ಕೇಳಬೇಕಾದ್ದು: ಜಮೀನು ಕೃಷಿಯಿಂದ ಬದಲಾವಣೆ ಆಗಿದೆಯಾ, ಲೇಔಟ್‌ಗೆ ಯೋಜನಾ ಪ್ರಾಧಿಕಾರದ ಒಪ್ಪಿಗೆ ಇದೆಯಾ, ಖಾತೆ ಯಾವುದು. ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಪರಿವರ್ತನೆ ಆಗದ ಹೊಲವನ್ನು ತುಂಡು ಮಾಡಿ ಮಾರಿದ್ದೇ ರೆವಿನ್ಯೂ ಸೈಟು. ಅಂಥ ಎಷ್ಟೋ ಸೈಟುಗಳಿಗೆ ಬೆಂಗಳೂರಿನಲ್ಲಿ ಬಿ ಖಾತೆ ಸಿಕ್ಕಿತು. ತೆರಿಗೆ ವಸೂಲಿಗೆಂದು ಇಟ್ಟ ಪ್ರತ್ಯೇಕ ವಹಿ ಅದು. ತೆರಿಗೆ ರಸೀದಿ ಕೈಯಲ್ಲಿದೆ ಅಂದ ಮಾತ್ರಕ್ಕೆ ಕಟ್ಟಲು ಒಪ್ಪಿಗೆ ಇದೆ ಅಂತಾಗುವುದಿಲ್ಲ. 2025ರ ನವೆಂಬರ್‌ನಲ್ಲಿ ಬಿ ಖಾತೆಯನ್ನು ಎ ಖಾತೆ, ಅಂದರೆ ನಿಯಮಬದ್ಧ ಸೈಟಿಗೆ ಕೊಡುವ ಖಾತೆ, ಮಾಡಿಕೊಡುವ ಯೋಜನೆ ಬಂತು. ಆಗ ಶುಲ್ಕ ಮಾರ್ಗಸೂಚಿ ಬೆಲೆಯ, ಅಂದರೆ ನೋಂದಣಿಗೆಂದು ಸರ್ಕಾರ ನಿಗದಿ ಮಾಡಿದ ಬೆಲೆಯ, ಶೇ. 5 ಇತ್ತು. ಮಾರ್ಗಸೂಚಿ ಬೆಲೆ ಚದರಡಿಗೆ 5,000 ರೂಪಾಯಿ ಇರುವ ಕಡೆ 30×40 ಸೈಟಿಗೆ ಆ ದರದಲ್ಲಿ 3 ಲಕ್ಷವಾಗುತ್ತಿತ್ತು. ಬಿ ಖಾತೆ ಸೈಟು ಅಗ್ಗಕ್ಕೆ ಸಿಕ್ಕಿತು ಅನ್ನುವ ಮೊದಲು ಈ ಶುಲ್ಕವನ್ನೂ ಬೆಲೆಗೆ ಸೇರಿಸಿ ನೋಡಿ.

ಹಳ್ಳಿಯಲ್ಲಿ ಕಟ್ಟುವವರಿಗೆ ನಿಯಮ ಇಲ್ಲ ಅನ್ನುವುದೂ ತಪ್ಪು ತಿಳಿವಳಿಕೆ. ಪಂಚಾಯತಿ ವ್ಯಾಪ್ತಿಯಲ್ಲಿ ಮನೆ ಕಟ್ಟಲು ಪಂಚಾಯತಿ ಅನುಮತಿ ಬೇಕು ಅಂತ 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಇದೆ. ಪಂಚಾಯತಿ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನಲ್ಲಿ ನಿಯಮಬದ್ಧ ಆಸ್ತಿಗೆ ಕೊಡುವ ನಮೂನೆ 9 ಮತ್ತು 11ಎ ಸಿಗುವ ಸೈಟಿಗೂ, ಹಾಗಲ್ಲದ ಆಸ್ತಿಗೆ ಕೊಡುವ 11ಬಿ ಮಾತ್ರ ಸಿಗುವ ಸೈಟಿಗೂ ಸಾಲದ ವಿಷಯದಲ್ಲಿ ಅಜಗಜಾಂತರ.

ಜಾಗದ ಸುತ್ತಮುತ್ತ ಏನಿದೆ ಅನ್ನುವುದು ಇನ್ನೊಂದು ಪ್ರಶ್ನೆ. ಬೆಂಗಳೂರಿನಲ್ಲಿ ರಾಜಕಾಲುವೆ. 2015ರ ಮಾಸ್ಟರ್ ಪ್ಲಾನ್ ಪ್ರಕಾರ ಕೆರೆಯಿಂದ 30 ಮೀಟರ್, ಕಾಲುವೆಗಳಿಂದ ಅವುಗಳ ದರ್ಜೆ ನೋಡಿ 50, 25, 15 ಮೀಟರ್ ಬಿಡಬೇಕಿತ್ತು. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಯ ಅಂತರವನ್ನು 75 ಮೀಟರಿಗೆ ಏರಿಸಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ನಡುವಿನ ಮೂರು ವರ್ಷ ಸೈಟು ಕೊಂಡವರು ಎಷ್ಟು ಒದ್ದಾಡಿರಬೇಕು ಊಹಿಸಿ. 15 ಮೀಟರ್ ಅಂದರೆ 49 ಅಡಿ, 30×40 ಸೈಟಿನ ಉದ್ದಕ್ಕಿಂತ ಜಾಸ್ತಿ. ಅಂದರೆ ಸಣ್ಣ ಕಾಲುವೆ ಪಕ್ಕದ ಇಡೀ ಸೈಟೇ ಕಟ್ಟಲಾಗದ ಜಾಗ. ಈಗ ಮೋರಿಯ ಹಾಗೆ ಕಾಣುವುದು ಹಳೆಯ ಗ್ರಾಮ ನಕ್ಷೆಯಲ್ಲಿ ಕಾಲುವೆ ಆಗಿರಬಹುದು. ಅಡ್ವಾನ್ಸ್ ಕೊಡುವ ಮೊದಲು ಸೈಟಿನಲ್ಲೇ ನಿಂತು ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ತೆರೆದು ಸರ್ವೆ ನಂಬರ್ ನೋಡಿ. ಗ್ರಾಮ ನಕ್ಷೆಯ ಪ್ರತಿ ತೆಗೆಸಿ. ಅರ್ಧ ದಿನದ ಕೆಲಸ ಅದು.

ಶ್ರೀರಂಗಪಟ್ಟಣ, ಬಾದಾಮಿಯಂಥ ಊರುಗಳಲ್ಲಿ ಸ್ಮಾರಕದ ನಿಯಮ. ಕೇಂದ್ರ ಪುರಾತತ್ವ ಇಲಾಖೆ ಕಾಪಾಡುವ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ಮನೆ ಕಟ್ಟುವಂತಿಲ್ಲ. ಅದರಾಚೆಗಿನ 200 ಮೀಟರ್‌ನಲ್ಲಿ ಅನುಮತಿ ತೆಗೆದುಕೊಂಡು ಕಟ್ಟಬೇಕು. ತಲೆಮಾರುಗಳಿಂದ ಅಲ್ಲೇ ಇರುವವರಿಗೆ ಹಳೆಯ ಮನೆಯ ದುರಸ್ತಿಗೂ ಅನುಮತಿ ಬೇಕು. 2010ರ ಕಾಯ್ದೆ ತಿದ್ದುಪಡಿಯ ನಂತರ ಇದು ಬಿಗಿಯಾಯಿತು. ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಹಿತ್ತಲಲ್ಲಿ ತಮ್ಮನಿಗೆ ಸಣ್ಣ ಮನೆ ಎಬ್ಬಿಸಲೂ ಆಗದ ಸ್ಥಿತಿ. ಸ್ಮಾರಕ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ಕಟ್ಟಲಾಗದವರಿಗೆ ಬೇರೆ ಕಡೆ ಸೈಟು ಕೊಡುವುದೂ ಸರ್ಕಾರದ ಕರ್ತವ್ಯ ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಖಾಸಗಿ ಗೇಟೆಡ್ ಲೇಔಟ್‌ಗಳಲ್ಲಿ ಇದರ ಮೇಲೆ ಇನ್ನೊಂದು ಪದರ. ಇಂತಿಷ್ಟೇ ಮಹಡಿ, ಇಂಥದ್ದೇ ಕಾಂಪೌಂಡು, ಬಾಡಿಗೆಗೆ ಮನೆ ಕಟ್ಟಬಾರದು ಅಂತ ಕ್ರಯಪತ್ರದಲ್ಲೋ ಸಂಘದ ಬೈಲಾದಲ್ಲೋ ಬರೆದಿರುತ್ತಾರೆ. ಪಾಲಿಕೆ ಪ್ಲಾನ್ ಕೊಟ್ಟರೂ ಸಂಘದವರು ಮರಳು ಲಾರಿ ಒಳಗೆ ಬಿಡುವುದಿಲ್ಲ ಅನ್ನುವ ಜಗಳ ಶುರುವಾಗುವುದು ಇಲ್ಲಿಂದ. ಕ್ರಯಪತ್ರದ ಕರಡನ್ನು ಸಹಿಗೆ ಮೊದಲೇ ತರಿಸಿ, ಕೊನೆಯ ಪುಟದ ಷರತ್ತಿನವರೆಗೂ ಓದಿ. ಪ್ರಾಧಿಕಾರದ ಸೈಟಾದರೂ ಅಷ್ಟೇ. ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಹಂಚಿದ ಸೈಟಿಗೆ ಗುತ್ತಿಗೆ ಮತ್ತು ಮಾರಾಟ ಕರಾರು ಇರುತ್ತದೆ, ಅದರಲ್ಲಿ ಮನೆ ಕಟ್ಟಲು ಗಡುವೂ ಇರುತ್ತದೆ.

ಪ್ಲಾನ್ ತೆಗೆಸುವುದು ಮೊದಲಿಗಿಂತ ಸುಲಭವಾಗಿದೆ ಅನ್ನುವುದನ್ನು ಹೇಳಲೇಬೇಕು. ಬೆಂಗಳೂರಿನಲ್ಲಿ 2024ರಲ್ಲಿ ಬಂದ ನಂಬಿಕೆ ನಕ್ಷೆ ಯೋಜನೆಯಲ್ಲಿ 50×80 ಅಡಿವರೆಗಿನ ಸೈಟಿಗೆ ನೋಂದಾಯಿತ ಎಂಜಿನಿಯರ್ ಅಥವಾ ಆರ್ಕಿಟೆಕ್ಟ್ ಮೂಲಕ ಆನ್‌ಲೈನ್‌ನಲ್ಲೇ ತಾತ್ಕಾಲಿಕ ಮಂಜೂರಾತಿ ಸಿಗುತ್ತದೆ. ಕಚೇರಿ ಮೆಟ್ಟಿಲು ಸವೆಸುವುದು ತಪ್ಪುತ್ತದೆ. ಆದರೆ ಒಂದು ಎಚ್ಚರ ಬೇಕು. ಬೇಗ ಸಿಗಲಿ ಅಂತ ಒಂದು ನಕ್ಷೆ, ಕಟ್ಟಲು ಇನ್ನೊಂದು ನಕ್ಷೆ ಮಾಡಿಕೊಡುವ ಅಭ್ಯಾಸ ಕೆಲವು ಎಂಜಿನಿಯರುಗಳಿಗೆ ಇದೆ. ಮೊದಲ ಭೇಟಿಯಲ್ಲೇ ನೇರವಾಗಿ ಹೇಳಿಬಿಡಿ: ನನಗೆ ಒಂದೇ ನಕ್ಷೆ ಬೇಕು, ಕಟ್ಟುವುದೂ ಅದನ್ನೇ. ನಾನು ಹಾಗೆ ಹೇಳಿದಾಗ ಮೊದಲು ಭೇಟಿಯಾದ ಎಂಜಿನಿಯರ್ ಒಪ್ಪಲಿಲ್ಲ. ಎರಡನೆಯವರು ಒಪ್ಪಿದರು. ಗೋಡೆಯ ದಪ್ಪದ ಲೆಕ್ಕ ಹೇಳಿಕೊಟ್ಟವರು ಇವರೇ.

ನಾವು ಕೊನೆಗೆ ಮೂರಡಿ ಬಿಟ್ಟೇ ಕಟ್ಟಿದೆವು. ಎಡಗಡೆ ಮನೆಯವರು ಬಿಟ್ಟಿಲ್ಲವಾದ್ದರಿಂದ ಆ ಕಡೆ ಬರೀ ಮೂರಡಿಯ ಓಣಿ. ಕಿಟಕಿಯಿಂದ ಕಾಣುವುದು ಅವರ ಸಿಮೆಂಟ್ ಗೋಡೆ. ಆದರೂ ಆ ಕೋಣೆಯಲ್ಲಿ ಹಗಲು ದೀಪ ಹಾಕದೆ ಪೇಪರ್ ಓದಬಹುದು. ಬಾಡಿಗೆ ಮನೆ ಇಲ್ಲ, ಅದರ ಆದಾಯವೂ ಇಲ್ಲ. ಸಾಲ ತೀರಿಸಲು ನಾಲ್ಕೈದು ವರ್ಷ ಜಾಸ್ತಿ ಹಿಡಿಯುತ್ತದೆ. ಇದನ್ನು ಮುಚ್ಚಿಟ್ಟು ನಿಯಮ ಪಾಲಿಸಿ ಅಂತ ಹೇಳುವುದು ನನಗೆ ಸರಿ ಕಾಣುವುದಿಲ್ಲ.

ನಮ್ಮ ಪಾಲಿಕೆಗಳಿಗೂ ಪಂಚಾಯತಿಗಳಿಗೂ ನನ್ನದೊಂದು ಕೋರಿಕೆ ಇದೆ. ಬಡಾವಣೆ ಮಾಡುವಾಗ 20×30, 30×40 ಅಂತ ನಾಲ್ಕೈದು ಅಳತೆಯ ಸೈಟು ಮಾತ್ರ ಮಾಡುತ್ತಾರೆ. ಅಷ್ಟೂ ಅಳತೆಗೆ ನಾಲ್ಕು ದಿಕ್ಕಿನ ಬಾಗಿಲು ಹಿಡಿದು ಮಾದರಿ ನಕ್ಷೆ ಮಾಡಿಸಿದರೂ ಇಪ್ಪತ್ತು ನಕ್ಷೆ ಆಗುತ್ತದೆ. ಅಳತೆ, ಕಿಟಕಿ, ಮೆಟ್ಟಿಲು, ಸಂಪಿನ ಜಾಗ ಎಲ್ಲ ಗುರುತಿಸಿ, ಇದರಲ್ಲೊಂದನ್ನು ಆರಿಸಿಕೊಂಡವರಿಗೆ ಆ ದಿನವೇ ಮಂಜೂರಾತಿ ಅಂತ ಮಾಡಲಿ. ಎಂಜಿನಿಯರ್ ಫೀಸಿಗೆ ದುಡ್ಡು ಹೊಂಚಲಾಗದವರು ಇದರಿಂದಲೇ ಮನೆ ಕಟ್ಟಿಕೊಳ್ಳುತ್ತಾರೆ. ಆ ನಕ್ಷೆಗಳನ್ನು ಕನ್ನಡದಲ್ಲಿ, ಅಡಿ ಇಂಚಿನಲ್ಲಿ ಬರೆಸಲಿ. ಈಗಿನ ಬೈಲಾ ಪಟ್ಟಿ ಇರುವುದು ಮೀಟರಿನಲ್ಲಿ. ನಮ್ಮ ಮೇಸ್ತ್ರಿ ಮಾರ್ಕಿಂಗ್ ದಿನ ಪ್ಲಾನ್ ಹಾಳೆಯನ್ನು ಎರಡು ಸಲ ತಿರುಗಿಸಿ ನೋಡಿ, "0.91 ಅಂದ್ರೆ ಎಷ್ಟು ಸಾರ್?" ಅಂತ ನನ್ನನ್ನೇ ಕೇಳಿದ್ದರು. ಮೂರಡಿ ಅಂದೆ. ಟೇಪ್ ಹಿಡಿದು ಅಳೆದು, ಗೂಟ ಕಿತ್ತು, ಸರಿಯಾದ ಜಾಗದಲ್ಲಿ ಮತ್ತೆ ಹೊಡೆದರು.